ಖಾಕಿ ತೊಟ್ಟ ದುರ್ಗೆ, ಠಾಣೆಯ ಹೊರಗಿನ ದುರುಗವ್ವ

೧

ದಲಿತ ವಿಮರ್ಶೆ ಅಂದ ಕೂಡಲೇ ನಮ್ಮಲ್ಲಿ ಕಾವ್ಯ, ಕಾದಂಬರಿ, ಆತ್ಮಕಥನಗಳ ಮಾತು ಬರುತ್ತದೆ. ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದು ನೋಡಿದ ಪೊಲೀಸ್ ಸಿನಿಮಾಗಳ ಬಗ್ಗೆ ಬರೆಯುವುದು ಗಂಭೀರವಾದ ಕೆಲಸವಲ್ಲ ಎಂಬ ಸಂಕೋಚ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಆದರೆ ನಮ್ಮ ಕೇರಿಗಳಿಗೆ ಕಾನೂನು, ಕೋರ್ಟು, ಠಾಣೆ ಎಂಬುವು ಪರಿಚಯವಾದದ್ದು ಪುಸ್ತಕದಿಂದಲ್ಲ. ಮೊದಲು ಲಾಠಿಯಿಂದ, ಆಮೇಲೆ ಸಿನಿಮಾದಿಂದ. ನಮ್ಮ ಅಪ್ಪಂದಿರು ಟೆಂಟಿನಲ್ಲಿ ನೋಡಿದ್ದನ್ನು ನನ್ನ ತಲೆಮಾರಿನವರು ಟಿವಿಯಲ್ಲಿ ನೋಡಿದೆವು. ಅದರಲ್ಲೂ ೧೯೮೦ರ ದಶಕದಿಂದ ಬಂದ ಹೆಣ್ಣು ಪೊಲೀಸಿನ ಚಿತ್ರಗಳು ಹೆಣ್ಣು, ಕಾನೂನು, ನ್ಯಾಯ ಈ ಮೂರರ ಬಗ್ಗೆ ನಮಗೆ ಸದ್ದಿಲ್ಲದೆ ಪಾಠ ಹೇಳಿಕೊಟ್ಟಿವೆ. ಆ ಪಾಠದಲ್ಲಿ ಜಾತಿ ಎಲ್ಲಿ ಕೂತಿದೆ ಅಂತ ನೋಡುವುದು ಈ ಲೇಖನದ ಉದ್ದೇಶ.

ಪೊಲೀಸ್ ಕೆಲಸ ಅಂದರೆ ಏನು? ಕಾನೂನಿನ ಭಾಷೆಯಲ್ಲಿ ಇದಕ್ಕೆ ಹಲವು ವ್ಯಾಖ್ಯೆಗಳಿರಬಹುದು. ಆದರೆ ತಳದಲ್ಲಿರುವುದು ಒಂದು ಸರಳವಾದ ಕ್ರಿಯೆ: ಇನ್ನೊಬ್ಬರ ಮೈ ಮುಟ್ಟುವುದು. ಹಿಡಿಯುವುದು, ತಡೆಯುವುದು, ಜೇಬು ತಡಕುವುದು, ಕೊರಳಪಟ್ಟಿಗೆ ಕೈ ಹಾಕುವುದು, ಬೇಡಿ ತೊಡಿಸುವುದು. ಮುಟ್ಟಬಾರದು ಎಂಬುದರ ಮೇಲೆಯೇ ನಿಂತ ಸಮಾಜದಲ್ಲಿ ಇದು ಸಣ್ಣ ವಿಷಯವಲ್ಲ. ಬ್ರಿಟಿಷರ ಕಾಲದ ಮುಂಬಯಿ ಪ್ರಾಂತ್ಯದಲ್ಲಿ ಅಸ್ಪೃಶ್ಯರಿಗೆ ಪೊಲೀಸ್ ನೌಕರಿಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ೧೯೨೮ರಲ್ಲಿ ಸೈಮನ್ ಆಯೋಗದ ಮುಂದೆ ಅಂಬೇಡ್ಕರ್ ಈ ಪ್ರಶ್ನೆಯನ್ನು ಎತ್ತಿದ್ದರು. ಸವರ್ಣೀಯನೊಬ್ಬನನ್ನು ಅಸ್ಪೃಶ್ಯ ಪೇದೆ ಹಿಡಿದು ನಿಲ್ಲಿಸುವುದನ್ನು ಊರು ಒಪ್ಪುವುದು ಹೇಗೆ? ಬಂಧಿಸುವುದೆಂದರೆ ಮುಟ್ಟುವುದು. ಯಾರು ಯಾರನ್ನು ಮುಟ್ಟಬಹುದು ಎಂಬ ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಕೆಲವು ಹಳೆಯ ಚಿತ್ರಗಳನ್ನು ನೋಡೋಣ.

೨

೧೯೮೧ರಲ್ಲಿ ತಮಿಳಿನಲ್ಲಿ ಎಸ್.ಎ. ಚಂದ್ರಶೇಖರ್ ನಿರ್ದೇಶನದ 'ಸಟ್ಟಂ ಒರು ಇರುಟ್ಟರೈ' ಬಂತು. ಕಾನೂನು ಒಂದು ಕತ್ತಲ ಕೋಣೆ ಅಂತ ಅದರ ಅರ್ಥ. ಅದೇ ವರ್ಷ ತೆಲುಗಿನಲ್ಲಿ 'ಚಟ್ಟಾನಿಕಿ ಕಳ್ಳು ಲೇವು', ೧೯೮೨ರಲ್ಲಿ ಕನ್ನಡದಲ್ಲಿ ಶಂಕರ್‌ನಾಗ್, ಆರತಿ ನಟಿಸಿದ 'ನ್ಯಾಯ ಎಲ್ಲಿದೆ', ೧೯೮೩ರಲ್ಲಿ ಹಿಂದಿಯಲ್ಲಿ ಟಿ. ರಾಮರಾವ್ ನಿರ್ದೇಶನದ 'ಅಂಧಾ ಕಾನೂನ್'. ಎರಡೇ ವರ್ಷದಲ್ಲಿ ಒಂದೇ ಕಥೆ ಇಷ್ಟು ಭಾಷೆಗಳನ್ನು ಸುತ್ತಿ ಬಂದಿದೆ ಅಂದರೆ ಆ ಕಾಲದ ಪ್ರೇಕ್ಷಕರ ಯಾವುದೋ ನರವನ್ನು ಅದು ಮುಟ್ಟಿರಲೇಬೇಕು.

ಹಿಂದಿಯ ರೂಪವನ್ನು ತೆಗೆದುಕೊಳ್ಳೋಣ. ಎಳೆಯ ವಯಸ್ಸಿನಲ್ಲಿ ಮನೆಯವರ ಕೊಲೆ ಕಂಡ ಇಬ್ಬರು ಒಡಹುಟ್ಟಿದವರು. ಅವರಲ್ಲಿ ವಿಜಯ್ (ರಜನೀಕಾಂತ್) ಕಾನೂನಿನ ಮೇಲೆ ನಂಬಿಕೆ ಕಳೆದುಕೊಂಡು ಕೊಲೆಗಡುಕರನ್ನು ತಾನೇ ಮುಗಿಸಲು ಹೊರಡುತ್ತಾನೆ. ದುರ್ಗಾ ದೇವಿ ಸಿಂಗ್ (ಹೇಮಾಮಾಲಿನಿ) ಪೊಲೀಸ್ ಇನ್‌ಸ್ಪೆಕ್ಟರ್. ಅವರನ್ನು ಕಾನೂನಿನ ಮೂಲಕವೇ ಹಿಡಿಯಬೇಕೆನ್ನುವವಳು. ಇಬ್ಬರ ಗುರಿ ಒಂದೇ, ದಾರಿ ಬೇರೆ. ಕಥೆ ಬೆಳೆದ ಹಾಗೆ ಅವನ ಕೈಗೆ ಕೊಲೆಗಡುಕರು ಒಬ್ಬೊಬ್ಬರಾಗಿ ಸಿಗುತ್ತಾರೆ. ಅವಳ ಕೈಗೆ ಸಿಗುವುದು ಖಾಲಿ ಸಾಕ್ಷ್ಯ, ಮುರಿದ ಕೇಸು. ಅವನು ಕೆಲಸ ಮಾಡುತ್ತಾನೆ, ಅವಳು ತಡವಾಗಿ ಬರುತ್ತಾಳೆ.

ಇಲ್ಲಿ ಗಮನಿಸಬೇಕಾದ್ದು ಇದು. ಆ ಹೊತ್ತಿಗೆ ಭಾರತದ ಪೊಲೀಸ್ ಇಲಾಖೆಯಲ್ಲಿ ಹೆಣ್ಣು ಹೊಸಬಳಾಗಿರಲಿಲ್ಲ. ೧೯೭೨ರಲ್ಲಿ ಕಿರಣ್ ಬೇಡಿ ಐಪಿಎಸ್ ಸೇರಿದ್ದರು. ೧೯೭೩ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ದೇಶದ ಮೊದಲ ಮಹಿಳಾ ಪೊಲೀಸ್ ಠಾಣೆ ಶುರುವಾಗಿತ್ತು. ಆದರೆ ಈ ಚಿತ್ರಕ್ಕೆ ಹೆಣ್ಣು ಪೊಲೀಸು ಬೇಕಾದದ್ದು ಆ ಹೊಸ ಅನುಭವಕ್ಕಾಗಿ ಅಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಕ್ಕಡಿ ಹಿಡಿದು ನಿಂತ ನ್ಯಾಯದೇವತೆಗೆ ಒಂದು ಖಾಕಿ ಸಮವಸ್ತ್ರ ಬೇಕಾಗಿತ್ತು, ಅಷ್ಟೆ. ಕಾನೂನು ಕುರುಡು, ಕಾನೂನು ಹೆಣ್ಣು. ಆದ್ದರಿಂದ ಹೆಣ್ಣು ಪೊಲೀಸು ಕುರುಡು. ಕಾನೂನು ಕೈಲಾಗದ್ದು ಎಂದು ತೋರಿಸಲು ಆ ಕಾನೂನನ್ನು ಒಬ್ಬ ಹೆಂಗಸಿನ ಕೈಗೆ ಕೊಟ್ಟುಬಿಡುವುದು ಎಷ್ಟು ಸುಲಭದ ಉಪಾಯ ನೋಡಿ. ಮುಟ್ಟುವ ಅಧಿಕಾರವನ್ನು ಅವಳಿಗೆ ಕೊಟ್ಟ ಹಾಗೆ ಮಾಡಿ, ಮುಟ್ಟುವ ಕೆಲಸವನ್ನೆಲ್ಲ ಗಂಡಸಿಗೆ ಬಿಡಲಾಯಿತು.

೩

ಇದೇ ವರ್ಷಗಳಲ್ಲಿ ತೆರೆಯ ಹೊರಗೆ ಏನಾಗುತ್ತಿತ್ತು? ೧೯೭೨ರಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ದೇಸಾಯಿಗಂಜ್ ಠಾಣೆಯ ಒಳಗೇ ಕೂಲಿ ಮಾಡುವ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಇಬ್ಬರು ಪೊಲೀಸರು ಅತ್ಯಾಚಾರ ಮಾಡಿದರು ಎಂಬ ಪ್ರಕರಣ ನಡೆಯಿತು. ಇದೇ ಮಥುರಾ ಪ್ರಕರಣ. ಹೈಕೋರ್ಟು ಶಿಕ್ಷೆ ಕೊಟ್ಟಿತ್ತು; ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಅವಳ ಮೈಮೇಲೆ ಗಾಯದ ಗುರುತಿಲ್ಲ, ಆದ್ದರಿಂದ ಪ್ರತಿರೋಧವಿರಲಿಲ್ಲ ಎಂಬುದು ಆ ತೀರ್ಪಿನ ಮುಖ್ಯ ತರ್ಕಗಳಲ್ಲಿ ಒಂದು. ೧೯೭೯ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಾಧೀಶರಿಗೆ ಬಹಿರಂಗ ಪತ್ರ ಬರೆದರು. ದೇಶದ ತುಂಬ ಮಹಿಳಾ ಸಂಘಟನೆಗಳು ಬೀದಿಗಿಳಿದವು. ೧೯೮೩ರಲ್ಲಿ ಕಾನೂನು ತಿದ್ದುಪಡಿಯಾಗಿ, ಪೊಲೀಸ್ ವಶದಲ್ಲಿ ನಡೆಯುವ ಅತ್ಯಾಚಾರಕ್ಕೆ ಪ್ರತ್ಯೇಕ ಶಿಕ್ಷೆ ಬಂತು.

'ಅಂಧಾ ಕಾನೂನ್' ಬಂದದ್ದೂ ೧೯೮೩ರಲ್ಲೇ. ಕಾನೂನು ಕುರುಡು ಎಂಬ ಸಿಟ್ಟು ಬೀದಿಯಲ್ಲಿ ಹುಟ್ಟಿದ್ದು ಯಾರಿಂದ? ಬರಿಗಾಲಿನಲ್ಲಿ ಠಾಣೆಗೆ ಹೋದ ಒಬ್ಬ ಆದಿವಾಸಿ ಹುಡುಗಿಯಿಂದ. ಸಿನಿಮಾ ಆ ಸಿಟ್ಟನ್ನು ಎರವಲು ತಂದು, ಅವಳನ್ನು ಮಾತ್ರ ಹೊರಗೇ ಬಿಟ್ಟಿತು. ತೆರೆಯ ಮೇಲೆ ಅನ್ಯಾಯವಾದದ್ದು ಒಂದು ಒಳ್ಳೆಯ ಮನೆತನಕ್ಕೆ. ಪೊಲೀಸಿನವರೇ ಅಪರಾಧಿಗಳಾಗಿದ್ದ ಕಥೆ, ಪೊಲೀಸಿನವಳೇ ನೊಂದವಳಾದ ಕಥೆಯಾಗಿ ಮಾರ್ಪಟ್ಟಿತು.

೧೯೮೮ರ 'ಝಖ್ಮಿ ಔರತ್' ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಿತು. ಅವತಾರ್ ಭೋಗಲ್ ನಿರ್ದೇಶನದ ಈ ಚಿತ್ರದಲ್ಲಿ ಡಿಂಪಲ್ ಕಪಾಡಿಯಾ ಇನ್‌ಸ್ಪೆಕ್ಟರ್ ಕಿರಣ್ ದತ್. ಹೆಸರಿನಲ್ಲೇ ಆ ಕಾಲದ ಪ್ರಸಿದ್ಧ ಅಧಿಕಾರಿಯ ನೆರಳಿದೆ. ಮೊದಲ ಭಾಗದಲ್ಲಿ ಅವಳು ಗಂಡಸರನ್ನು ಹೊಡೆಯುತ್ತಾಳೆ, ಹಿಡಿಯುತ್ತಾಳೆ. ಆಮೇಲೆ ಗುಂಪೊಂದು ಅವಳ ಮೇಲೆ ಅತ್ಯಾಚಾರ ಮಾಡುತ್ತದೆ. ಮುಟ್ಟುವ ಅಧಿಕಾರವನ್ನು ಕೈಗೆ ತೆಗೆದುಕೊಂಡ ಹೆಣ್ಣಿಗೆ ಗಂಡಸರ ಲೋಕ ಕೊಟ್ಟ ಉತ್ತರ ಅದು. ಕೋರ್ಟು ಆರೋಪಿಗಳನ್ನು ಬಿಡುತ್ತದೆ. ಆಗ ಅವಳು ತನ್ನಂತೆಯೇ ನೊಂದ ಹೆಂಗಸರ ಜೊತೆ ಸೇರಿ ಅತ್ಯಾಚಾರಿಗಳ ಪುರುಷತ್ವವನ್ನೇ ಕತ್ತರಿಸುವ ಸೇಡಿಗೆ ಇಳಿಯುತ್ತಾಳೆ. ಅಲ್ಲಿ ಅವಳಿಗೆ ಖಾಕಿ ಉಪಯೋಗಕ್ಕೆ ಬರುವುದಿಲ್ಲ.

ಚಿತ್ರದ ಹೆಸರನ್ನು ಮತ್ತೊಮ್ಮೆ ಓದಿ: ಗಾಯಗೊಂಡ ಹೆಣ್ಣು. ಸುಪ್ರೀಂ ಕೋರ್ಟು ಮಥುರಾಳ ಮೈಮೇಲೆ ಹುಡುಕಿ ಸಿಗಲಿಲ್ಲ ಎಂದದ್ದು ಇದೇ ಗಾಯವನ್ನು. ಯಾರ ಗಾಯ ಕಣ್ಣಿಗೆ ಕಾಣುತ್ತದೆ, ಯಾರದು ಕಾಣುವುದಿಲ್ಲ ಎಂಬುದೇ ಜಾತಿಯ ರಾಜಕಾರಣ. ಇನ್‌ಸ್ಪೆಕ್ಟರ್ ಕಿರಣ್ ದತ್‌ಳ ಗಾಯವನ್ನು ಇಡೀ ಚಿತ್ರಮಂದಿರ ನೋಡಿತು, ಮರುಗಿತು. ಅವಳ ನೋವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹಣಕ್ಕಾಗಿ ಆ ನೋವನ್ನು ದೀರ್ಘವಾಗಿ ಚಿತ್ರಿಸಿ ಮಾರಿದವರ ಬಗ್ಗೆ ಸ್ತ್ರೀವಾದಿ ವಿಮರ್ಶಕರು ಹೇಳಿದ್ದೂ ಸರಿಯೇ. ಆದರೆ ಮರುಗಲು ಯೋಗ್ಯವಾದ ಮೈ ಯಾವುದು ಎಂಬ ಆಯ್ಕೆ ಅಲ್ಲಿ ಮೊದಲೇ ಆಗಿಹೋಗಿತ್ತು.

೪

ಈ ನಾಯಕಿಯರ ಹೆಸರುಗಳನ್ನು ಒಂದು ಕಡೆ ಬರೆದು ನೋಡಬೇಕು. ದುರ್ಗಾ ದೇವಿ ಸಿಂಗ್. ಕಿರಣ್ ದತ್. ವೈಜಯಂತಿ. ತೇಜಸ್ವಿನಿ. ಕನ್ನಡಕ್ಕೆ ಬಂದರೆ ಮಾಲಾಶ್ರೀ ಅವರ 'ಎಸ್.ಪಿ. ಭಾರ್ಗವಿ' (೧೯೯೧). ಎಲ್ಲವೂ ಸಂಸ್ಕೃತದಲ್ಲಿ ಮಿಂದು ಬಂದ ಹೆಸರುಗಳು. ಒಬ್ಬ ಕೆಂಚಮ್ಮ, ಒಬ್ಬ ಹುಚ್ಚಮ್ಮ, ಒಬ್ಬ ಮಾರಕ್ಕ ಈ ಪಟ್ಟಿಯಲ್ಲಿಲ್ಲ. ಅಂಥ ಹೆಸರಿನವಳು ತೆರೆಗೆ ಬಂದರೆ ಒಂದೋ ಕಸ ಗುಡಿಸಲು, ಇಲ್ಲ ನಗಿಸಲು, ಇಲ್ಲ ಸಾಯಲು.

ದುರ್ಗೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಸಿಟ್ಟಿಗೆದ್ದ ಹೆಣ್ಣನ್ನು ನಮ್ಮ ಸಿನಿಮಾ ಒಪ್ಪಬೇಕಾದರೆ ಅವಳನ್ನು ದೇವಿ ಮಾಡಬೇಕು. ಮನುಷ್ಯಳಾಗಿ ಸಿಟ್ಟು ಮಾಡಿಕೊಂಡರೆ ಬಜಾರಿ, ದೇವಿಯಾಗಿ ಮಾಡಿಕೊಂಡರೆ ಕೈಮುಗಿಯಬಹುದು. ಬಯಲುಸೀಮೆಯ ನಮ್ಮ ಕೇರಿಗಳಲ್ಲೂ ದುರುಗವ್ವ ಇದ್ದಾಳೆ, ಮಾರವ್ವ ಇದ್ದಾಳೆ. ಆದರೆ ಅವಳ ಕಥೆ ಬೇರೆ. ಬ್ರಾಹ್ಮಣರ ಹುಡುಗಿಯನ್ನು ಹೊಲೆಯರ ಹುಡುಗ ಜಾತಿ ಮುಚ್ಚಿಟ್ಟು ಮದುವೆಯಾದ. ಗುಟ್ಟು ಬಯಲಾದಾಗ ಅವಳು ಉರಿದು ಮಾರಿಯಾದಳು. ಅವನು ಕೋಣನಾಗಿ ಹುಟ್ಟಿ ವರ್ಷವರ್ಷವೂ ಅವಳ ಮುಂದೆ ತಲೆ ಕೊಡುತ್ತಾನೆ. ದಕ್ಷಿಣ ಭಾರತದ ಉದ್ದಕ್ಕೂ ಹಲವು ರೂಪಗಳಲ್ಲಿ ಈ ಕಥೆ ಇದೆ. ಮುಟ್ಟಬಾರದವನು ಮುಟ್ಟಿದ್ದಕ್ಕೆ ಸಿಕ್ಕ ಶಿಕ್ಷೆಯ ಕಥೆ ಅದು. ಇದನ್ನು ತಿಳಿದವನಿಗೆ ಖಾಕಿ ತೊಟ್ಟ ದುರ್ಗೆಯ ತ್ರಿಶೂಲ ಕಂಡಾಗ ಒಂದು ಅನುಮಾನ ಬಂದೇ ಬರುತ್ತದೆ: ಇಲ್ಲಿ ಕೋಣ ಯಾರು?

೫

ಈಗ ೧೯೯೦ಕ್ಕೆ ಬರೋಣ. ಎ. ಮೋಹನ್ ಗಾಂಧಿ ನಿರ್ದೇಶನದ ತೆಲುಗಿನ 'ಕರ್ತವ್ಯಂ'. ನಾಯಕಿ ವಿಜಯಶಾಂತಿ, ಪಾತ್ರ ಎಎಸ್‌ಪಿ ವೈಜಯಂತಿ ಐಪಿಎಸ್. ಇದಕ್ಕೆ ವಿಜಯಶಾಂತಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ತಮಿಳಿಗೆ 'ವೈಜಯಂತಿ ಐಪಿಎಸ್' ಅಂತ ಡಬ್ ಆಯಿತು. ೧೯೯೪ರಲ್ಲಿ ಹಿಂದಿಯಲ್ಲಿ 'ತೇಜಸ್ವಿನಿ' ಆಯಿತು. ಇದು ದೊಡ್ಡ ಬದಲಾವಣೆಯೇ. ಸೇಡು ತೀರಿಸಲು ಅಣ್ಣತಮ್ಮ ಬೇಕಿಲ್ಲ. ಅವಳೇ ಹೊಡೆಯುತ್ತಾಳೆ, ಅವಳೇ ಹಿಡಿಯುತ್ತಾಳೆ, ಊರಿನ ದೊಡ್ಡ ಕುಳಗಳನ್ನು ಸಮವಸ್ತ್ರದಲ್ಲೇ ಎದುರಿಸುತ್ತಾಳೆ. ನನ್ನ ತರಗತಿಯಲ್ಲಿ ಈ ಚಿತ್ರಗಳ ಮಾತು ಬಂದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ನೀವು ಏನೇ ಹೇಳಿ, ಮಾಲಾಶ್ರೀ ಪಿಚ್ಚರ್ ನೋಡಿದ ದಿನ ನಮ್ಮವ್ವ ನಮ್ಮಪ್ಪಂಗೆ ಎದುರು ಮಾತಾಡಿದ್ಲಂತೆ" ಅಂದಳು. ಈ ಮಾತನ್ನು ಯಾವ ವಿಮರ್ಶೆಯೂ ತಳ್ಳಿಹಾಕಬಾರದು. ಹೆಣ್ಣು ಕೈ ಎತ್ತಬಹುದು ಎಂಬ ಚಿತ್ರ ಕಣ್ಣಿಗೆ ಬಿದ್ದರೆ ಅದರ ಪರಿಣಾಮ ಮನೆಯೊಳಗೆ ಇದ್ದೇ ಇರುತ್ತದೆ.

ಆದರೆ ಆ ಚಿತ್ರ ಬಂದ ನೆಲ ಯಾವುದು? ೧೯೮೫ರ ಜುಲೈ ೧೭ರಂದು ಆಂಧ್ರದ ಪ್ರಕಾಶಂ ಜಿಲ್ಲೆಯ ಕಾರಂಚೇಡುವಿನಲ್ಲಿ ಆರು ಮಂದಿ ಮಾದಿಗರನ್ನು ಕಮ್ಮ ಜಮೀನ್ದಾರರು ಕೊಂದರು. ಜಗಳ ಶುರುವಾದದ್ದು ಕುಡಿಯುವ ನೀರಿನ ಕೆರೆಯ ಹತ್ತಿರ. ಎಮ್ಮೆ ತೊಳೆದ ನೀರು ಕೆರೆಗೆ ಬೀಳುವುದನ್ನು ಪ್ರಶ್ನಿಸಿದ ಕಡೆಯಿಂದ ಒಬ್ಬ ಮಾದಿಗರ ಹೆಣ್ಣುಮಗಳು, ಹೊಡೆಯಲು ಬಂದವರಿಗೆ ಅಡ್ಡವಾಗಿ ತನ್ನ ಬಿಂದಿಗೆ ಎತ್ತಿದಳು. ಅಷ್ಟಕ್ಕೇ ಊರು ಹೊತ್ತಿ ಉರಿಯಿತು. ೧೯೯೧ರ ಆಗಸ್ಟ್ ೬ರಂದು ಗುಂಟೂರು ಜಿಲ್ಲೆಯ ಚುಂಡೂರಿನಲ್ಲಿ, ಊರಲ್ಲಿ ಪೊಲೀಸ್ ಪಹರೆ ಇದ್ದಾಗಲೇ ಎಂಟು ಮಂದಿ ದಲಿತರ ಹತ್ಯೆಯಾಯಿತು. ಆ ಪ್ರಕರಣದಲ್ಲಿ ೨೦೦೭ರಲ್ಲಿ ವಿಶೇಷ ನ್ಯಾಯಾಲಯ ಕೊಟ್ಟ ಶಿಕ್ಷೆಯನ್ನು ೨೦೧೪ರಲ್ಲಿ ಹೈಕೋರ್ಟು ರದ್ದು ಮಾಡಿತು. 'ಕರ್ತವ್ಯಂ' ಈ ಎರಡು ಊರುಗಳ ನಡುವೆ, ೧೯೯೦ರಲ್ಲಿ ಬಂತು. ಕರಾವಳಿ ಆಂಧ್ರದ ಬಲಾಢ್ಯ ಭೂಮಾಲೀಕ ಜಾತಿಗಳ ಬಂಡವಾಳ ತೆಲುಗು ಚಿತ್ರರಂಗದಲ್ಲಿ ಎಷ್ಟು ಆಳವಾಗಿ ಬೇರು ಬಿಟ್ಟಿದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಇನ್ನೊಂದು ಸಂಗತಿ. ದೌರ್ಜನ್ಯ ತಡೆ ಕಾಯ್ದೆ ೧೯೮೯ರದು. ಜಾರಿಗೆ ಬಂದದ್ದು ೧೯೯೦ರ ಜನವರಿಯಲ್ಲಿ. ಆ ಕಾಯ್ದೆಯ ಕೇಸುಗಳನ್ನು ಡಿಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ ಅಂತ ೧೯೯೫ರ ನಿಯಮಗಳು ಹೇಳುತ್ತವೆ. ಐಪಿಎಸ್ ಎಎಸ್‌ಪಿ ಅಂದರೆ ಅದೇ ದರ್ಜೆ. ಅಂದರೆ ದಲಿತರ ಮೇಲಿನ ದೌರ್ಜನ್ಯದ ತನಿಖೆ ಮಾಡಬೇಕಾದ ಅಧಿಕಾರಿ ಯಾರೋ, ಸರಿಯಾಗಿ ಅದೇ ಅಧಿಕಾರಿ ನಮ್ಮ ಸಿನಿಮಾದ ನಾಯಕಿ! ಆದರೆ ಅವಳ ಕಥೆ ನಿಂತಿರುವುದು ಅಂಥ ಕೇಸಿನ ಮೇಲಲ್ಲ. ಬಿಂದಿಗೆ ಎತ್ತಿದ ಹೆಣ್ಣು ಮತ್ತು ಲಾಠಿ ಎತ್ತಿದ ಹೆಣ್ಣು ಒಂದೇ ಸೀಮೆಯವರು, ಒಂದೇ ಕಾಲದವರು. ತೆರೆಯ ಮೇಲೆ ಅವರು ಎದುರುಬದುರು ಕೂತು ಮಾತಾಡಲಿಲ್ಲ.

೬

ನಾಯಕಿ ಯಾವಾಗಲೂ ಇನ್‌ಸ್ಪೆಕ್ಟರ್, ಎಎಸ್‌ಪಿ, ಎಸ್‌ಪಿ. ಆದರೆ ಇಲಾಖೆಯಲ್ಲಿರುವ ಹೆಂಗಸರಲ್ಲಿ ಬಹುಪಾಲು ಕಾನ್‌ಸ್ಟೇಬಲ್‌ಗಳು. ಮೀಸಲಾತಿಯಿಂದ ನಮ್ಮ ಕೇರಿಗಳ ಹೆಣ್ಣುಮಕ್ಕಳು ಖಾಕಿ ತೊಟ್ಟದ್ದು ಆ ಬಾಗಿಲಿನಿಂದಲೇ. ಹಳೆಯ ಚಿತ್ರಗಳಲ್ಲಿ ಮಹಿಳಾ ಪೇದೆ ಎಲ್ಲಿದ್ದಾಳೆ? ಹಾಸ್ಯನಟನಿಗೆ ಜೋಡಿಯಾಗಿ, ಇಲ್ಲ ನಾಯಕಿಯ ಹಿಂದೆ ಸೆಲ್ಯೂಟ್ ಹೊಡೆಯುತ್ತ, ಇಲ್ಲ ಲಾಕಪ್ಪಿನ ಬಾಗಿಲು ತೆಗೆಯುತ್ತ. ಅವಳಿಗೆ ಹೆಸರೂ ಇರುವುದಿಲ್ಲ, ನಂಬರೇ ಹೆಸರು.

ನಮ್ಮ ದೊಡ್ಡಮ್ಮನ ಮಗಳು ಕಾನ್‌ಸ್ಟೇಬಲ್. ಕೇರಿಯಿಂದ ಆ ಕೆಲಸಕ್ಕೆ ಹೋದ ಮೊದಲ ಹೆಂಗಸು. ಇಂಥ ಸಿನಿಮಾ ಟಿವಿಯಲ್ಲಿ ಬಂದರೆ ಅಕ್ಕ ನಗುತ್ತಾಳೆ. "ಬಂದೋಬಸ್ತು ಅಂತ ಬೆಳಿಗ್ಗೆ ಆರಕ್ಕೆ ನಿಲ್ಲಿಸ್ತಾರೆ ಕಣಪ್ಪ, ಸಂಜೆ ತನಕ ಒಂದಕ್ಕೆ ಹೋಗಾಕೂ ಜಾಗ ಇರಲ್ಲ. ಇವಳು ನೋಡು, ಇಸ್ತ್ರಿ ಮಡಿಕೆನೇ ಮುರಿಯಲ್ಲ" ಅನ್ನುತ್ತಾಳೆ. ಒಂದು ಸಲ ಮಾತ್ರ ನಗದೆ ಹೇಳಿದಳು: "ಗೂಂಡಾನ ಹಿಡಿಯೋ ಕೆಲ್ಸ ನಂಗ್ಯಾವತ್ತೂ ಬಂದಿಲ್ಲ. ಧರಣಿ ಕೂತ ಹೆಂಗಸರನ್ನ ಎತ್ತಿ ವ್ಯಾನಿಗೆ ಹಾಕೋದೇ ನಂ ಕೆಲ್ಸ. ಒಂದಿನ ನಮ್ಮ ಕೇರಿಯೋರೇ ಕೂತಿದ್ರು. ಎತ್ತಿದೆ. ಕೈಕಾಲು ಹಿಡಿದೇ ಎತ್ತಿದೆ."

ಈ ಮಾತಿನ ಹಿಂದೆ ಒಂದು ಚರಿತ್ರೆ ಇದೆ. ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ ಮಾಡಬೇಕು ಅಂತ ಆ ಕಾಲದ ದಂಡ ಪ್ರಕ್ರಿಯಾ ಸಂಹಿತೆ ಹೇಳಿತ್ತು. ಹೆಣ್ಣನ್ನು ಇಲಾಖೆಗೆ ಸೇರಿಸಿಕೊಂಡದ್ದರ ಒಂದು ದೊಡ್ಡ ಕಾರಣವೇ ಹೆಂಗಸರು ಮಕ್ಕಳ ಕೇಸುಗಳನ್ನು ನಿಭಾಯಿಸುವುದು. ಸಿನಿಮಾದ ಹೆಣ್ಣು ಪೊಲೀಸಿನ ಕೈ ಗಂಡಸಿನ ಕೊರಳಪಟ್ಟಿಗೆ ಹೋಗುತ್ತದೆ. ನಿಜವಾದ ಹೆಣ್ಣು ಪೊಲೀಸಿನ ಕೈ ಹೋಗುವುದು ಹೆಚ್ಚಾಗಿ ಬಡ ಹೆಂಗಸಿನ ರೆಟ್ಟೆಗೆ. ಮುಟ್ಟುವ ಅಧಿಕಾರ ಕೊನೆಗೂ ಕೇರಿಗೆ ಬಂದಾಗ, ಕೇರಿಯನ್ನೇ ಮುಟ್ಟುವ ಅಧಿಕಾರವಾಗಿ ಬಂತು. ಇದಕ್ಕಿಂತ ದೊಡ್ಡ ನಾಟಕ ಯಾವ ಥ್ರಿಲ್ಲರಿನಲ್ಲಿದೆ? ಆದರೂ ಆ ಕಾಲದ ನಮ್ಮ ಜನಪ್ರಿಯ ಚಿತ್ರಗಳಿಗೆ ಅದು ಕಥೆಯಾಗಿ ಕಾಣಲಿಲ್ಲ.

೭

ಜನಪ್ರಿಯ ಸಿನಿಮಾಕ್ಕೆ ಇಷ್ಟೆಲ್ಲ ಸೂಕ್ಷ್ಮ ಸಾಧ್ಯವಿಲ್ಲ ಎನ್ನುವವರಿದ್ದಾರೆ. ಹಾಗಾದರೆ ಪೊಲೀಸ್ ಗಂಡಸಿಗೆ ಅದು ಹೇಗೆ ಸಾಧ್ಯವಾಯಿತು? 'ಅಂಧಾ ಕಾನೂನ್' ಬಂದ ವರ್ಷವೇ ಗೋವಿಂದ ನಿಹಲಾನಿಯವರ 'ಅರ್ಧ ಸತ್ಯ' ಬಂತು, ಜನರೂ ನೋಡಿದರು. ಅದರಲ್ಲಿ ಸಬ್ ಇನ್‌ಸ್ಪೆಕ್ಟರ್ ಅನಂತ ವೇಲಣಕರ್‌ಗೆ (ಓಂ ಪುರಿ) ಕ್ರೂರಿಯಾದ ಪೊಲೀಸ್ ಅಪ್ಪನಿದ್ದಾನೆ, ಅವಮಾನವಿದೆ, ಕುಡಿತವಿದೆ, ಲಾಕಪ್ಪಿನಲ್ಲಿ ಕೈ ಮೀರಿದ ಪಾಪವಿದೆ. ಅಂದರೆ ಅವನಿಗೆ ಒಳಗೊಂದು ಲೋಕವಿದೆ. ಖಾಕಿ ತೊಟ್ಟ ಹೆಣ್ಣಿಗೆ ಆ ಒಳಲೋಕ ಸಿಗಲಿಲ್ಲ. ಅವಳಿಗೆ ಸಿಕ್ಕಿದ್ದು ಎರಡೇ: ಕರ್ತವ್ಯ, ಇಲ್ಲ ಸೇಡು.

ನಿಹಲಾನಿಯವರದೇ ೧೯೮೦ರ 'ಆಕ್ರೋಶ್' ಇನ್ನೊಂದು ದಾರಿ ತೋರಿಸಿತ್ತು. ಅಲ್ಲಿ ಸರ್ಕಾರಿ ವಕೀಲ ದುಸಾನೆ (ಅಮರೀಶ್ ಪುರಿ) ಸ್ವತಃ ಆದಿವಾಸಿ. ತನ್ನದೇ ಸಮುದಾಯದ ಲಹನ್ಯಾನ ವಿರುದ್ಧ ಕೋರ್ಟಿನಲ್ಲಿ ವಾದಿಸುತ್ತಾನೆ, ಅವನ ಜಾತಿ ಎತ್ತಿ ಬೈಯುವ ಅನಾಮಿಕ ಫೋನ್ ಕರೆಗಳು ಬರುತ್ತವೆ, ಅವನು ನುಂಗಿಕೊಳ್ಳುತ್ತಾನೆ. ವ್ಯವಸ್ಥೆಯ ಒಳಗೆ ಹೋದ ನಮ್ಮವನ ಸಂಕಟ ಇದು. ಕಪ್ಪು ಕೋಟಿನ ದುಸಾನೆಯನ್ನು ಕಲ್ಪಿಸಬಲ್ಲವರಿಗೆ ಖಾಕಿ ತೊಟ್ಟ ದುರುಗವ್ವನನ್ನು ಕಲ್ಪಿಸುವುದು ಅಸಾಧ್ಯವೇನೂ ಆಗಿರಲಿಲ್ಲ. ಆದರೆ ಆ ಚಿತ್ರದಲ್ಲೂ ಆದಿವಾಸಿ ಹೆಣ್ಣು ನಾಗಿ (ಸ್ಮಿತಾ ಪಾಟೀಲ್) ಸತ್ತವಳೇ. ಗಂಡಸಿಗೆ ಮೌನವಾದರೂ ಸಿಕ್ಕಿತು, ಅವಳಿಗೆ ಅದೂ ಇಲ್ಲ.

ಇದು ಬದಲಾಗಲು ನಾಲ್ಕು ದಶಕ ಬೇಕಾಯಿತು. ೨೦೨೧ರ ಮಲಯಾಳಂ ಚಿತ್ರ 'ನಾಯಾಟ್ಟ್'ನಲ್ಲಿ ತಲೆ ತಪ್ಪಿಸಿಕೊಂಡು ಓಡುವ ಮೂವರು ಪೊಲೀಸರಲ್ಲಿ ಒಬ್ಬಳು ದಲಿತ ಮಹಿಳಾ ಪೇದೆ ಸುನೀತಾ. ೨೦೨೩ರ ಹಿಂದಿ ಸರಣಿ 'ದಹಾಡ್'ನಲ್ಲಿ ರಾಜಸ್ಥಾನದ ಸಬ್ ಇನ್‌ಸ್ಪೆಕ್ಟರ್ ಅಂಜಲಿ ಭಾಟಿ ಹಾದುಹೋದರೆ ಠಾಣೆಯ ಸಹೋದ್ಯೋಗಿಯೊಬ್ಬ ಊದುಬತ್ತಿ ಹಚ್ಚುತ್ತಾನೆ. ಭಾಟಿ ಅವಳ ಮೂಲ ಹೆಸರಲ್ಲ. ಜಾತಿ ಮರೆಮಾಡಲು ಮೇಘವಾಲ್ ಎಂಬುದನ್ನು ಬದಲಿಸಿಕೊಂಡದ್ದು. ಈ ಕೃತಿಗಳೊಂದಿಗೂ ನಮಗೆ ಜಗಳಗಳಿವೆ, ಅದು ಬೇರೆ ಲೇಖನದ ವಿಷಯ. ಆದರೆ ಆ ಊದುಬತ್ತಿಯ ಹೊಗೆಯಲ್ಲಿ ೧೯೨೮ರ ಪ್ರಶ್ನೆ ತೆರೆಯ ಮೇಲೆ ಮೊದಲ ಸಲ ಇಷ್ಟು ಸ್ಪಷ್ಟವಾಗಿ ಕಾಣಿಸಿಕೊಂಡಿತು ಎಂಬುದನ್ನು ಒಪ್ಪಬೇಕು.

೮

ಹಾಗಾದರೆ ಹಳೆಯ ಚಿತ್ರಗಳನ್ನು ಏನು ಮಾಡೋಣ? ಬಿಸಾಡುವುದು ನನ್ನ ಸಲಹೆಯಲ್ಲ. ಸ್ತ್ರೀವಾದಿ ಓದು ಈ ಚಿತ್ರಗಳಲ್ಲಿ ಹೆಣ್ಣಿಗೆ ಎಷ್ಟು ಶಕ್ತಿ ಸಿಕ್ಕಿತು ಅಂತ ಕೇಳಿತು. ಆ ಪ್ರಶ್ನೆ ಬೇಕು. ದಲಿತ ವಿಮರ್ಶೆ ಅದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆಯನ್ನು ಇಡಬೇಕು: ಆ ಶಕ್ತಿ ಯಾರ ಮೈಯನ್ನು ಕಾಯಿತು, ಯಾರ ಮೈಯನ್ನು ಎತ್ತಿ ವ್ಯಾನಿಗೆ ಹಾಕಿತು? ಹೆಣ್ಣು ಎಂಬುದು ಒಂದೇ ಜಾತಿ ಅಂತ ಹೇಳುವ ಸಿನಿಮಾಕ್ಕೂ, ದಲಿತ ಎಂದರೆ ಗಂಡಸೇ ಅಂತ ತಿಳಿದ ನಮ್ಮದೇ ವಿಮರ್ಶೆಗೂ ಈ ಪ್ರಶ್ನೆ ಬಿಸಿ ಮುಟ್ಟಿಸಬೇಕು. ಯಾಕೆಂದರೆ ಆರು ಜನ ಸತ್ತ ಕಾರಂಚೇಡುವನ್ನು ನಾವು ನೆನೆಯುವಾಗಲೂ ಬಿಂದಿಗೆ ಎತ್ತಿದ ಹೆಂಗಸನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ.

ಮುಂದಿನ ಸಲ ಇಂಥ ಚಿತ್ರ ಟಿವಿಯಲ್ಲಿ ಬಂದಾಗ ನಾಯಕಿಯ ಜೀಪನ್ನು ನೋಡುವುದರ ಜೊತೆಗೆ ಠಾಣೆಯ ಜಗಲಿಯನ್ನೂ ನೋಡಿ. ಅಲ್ಲಿ ಅರ್ಜಿ ಹಿಡಿದು ಕುಕ್ಕರಗಾಲಿನಲ್ಲಿ ಕೂತ ಒಬ್ಬ ಹೆಂಗಸು ಇರುತ್ತಾಳೆ, ಬಾಗಿಲಲ್ಲಿ ನಿಂತ ಒಬ್ಬ ಪೇದೆ ಇರುತ್ತಾಳೆ. ಇಬ್ಬರಿಗೂ ಮಾತಿಲ್ಲ. ಅವರಿಬ್ಬರೂ ಒಂದೇ ಕೇರಿಯವರಾಗಿದ್ದರೆ ಕಥೆ ಎಲ್ಲಿಂದ ಶುರುವಾಗಬೇಕಿತ್ತು ಎಂದು ಕೇಳಿಕೊಳ್ಳಿ.